ನಮ್ಮೂರಿನ ಮೋಟರ್ ಸರ್ಕೀಟು

ನಮ್ಮ ಮನೆಯಲ್ಲಿ ಒಂದು ಹಳೆಯ ಕೌದಿ ಇದೆ. ಹರಿದ ಸೀರೆ, ಸವೆದ ಧೋತರ, ಯಾರದೋ ಅಂಗಿಯ ಬೆನ್ನು ಎಲ್ಲವನ್ನೂ ಕೂಡಿಸಿ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಹೊಲಿದದ್ದು. ಅದರ ನಟ್ಟನಡುವೆ ಮೊಳದಗಲದ ಕಪ್ಪು ಬಿಳಿ ಚೌಕಡಿಯ ಬಟ್ಟೆ ಇದೆ. ಮೊನ್ನೆ ಬಿಸಿಲಿಗೆ ಹಾಕಿದ್ದಾಗ ಹುಬ್ಬಳ್ಳಿಯಿಂದ ಬಂದ ನೆಂಟರೊಬ್ಬರು ಅದನ್ನು ನೋಡಿ, "ಇದು ಮೋಟರ್ ರೇಸಿನ ನಿಶಾನಿ ಅಲ್ಲೇನ್ರಿ? ನಿಮ್ಮ ಕೌದ್ಯಾಗ ಹ್ಯಾಂಗ ಬಂತು?" ಎಂದು ಕೇಳಿದರು. "ನಮ್ಮೂರಾಗ ರೇಸ್ ಆಗಿತ್ತಲ್ರಿ" ಎಂದೆ. ಅವರು ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಕೌದಿ ನೋಡಿದರು, ಚಹಾ ಮುಗಿಸಿ ಎದ್ದರು. ವಯಸ್ಸಾದವರು ಬಾಯಿ ತೆರೆದರೆ ಜನ ಈಗ ಹೀಗೆ ಚಹಾ ಮುಗಿಸಿ ಏಳುವ ರೂಢಿ ಮಾಡಿಕೊಂಡಿದ್ದಾರೆ. ನೀವಾದರೂ ಸ್ವಲ್ಪ ಕೂತಿರಿ.

ಊರ ಹೆಸರು ಮಾತ್ರ ಹೇಳುವುದಿಲ್ಲ. ನರೇಗಲ್ಲಿನಿಂದ ಗಜೇಂದ್ರಗಡಕ್ಕೆ ಹೋಗುವ ಸಡಕಿನಿಂದ ಎರಡು ಮೈಲು ಒಳಗಿದೆ ಎಂದರೆ ಸಾಕು. ಹೆಸರು ಹೇಳಿದರೆ ನಮ್ಮೂರವರು ಕೂಡಲೇ ಎರಡು ಪಂಗಡವಾಗುತ್ತಾರೆ. ಒಂದು ಪಂಗಡ "ಹಾಂಗ ಆಗೇ ಇಲ್ಲ" ಎನ್ನುತ್ತದೆ. ಇನ್ನೊಂದು "ಆಗೇತಿ, ಆದ್ರ ಈ ಬಸಣ್ಣ ಮಾಸ್ತರನಿಂದ ಆತು" ಎನ್ನುತ್ತದೆ. ಬಸಣ್ಣ ಮಾಸ್ತರ ಎಂದರೆ ನಾನೇ. ಎರಡನೆಯವರು ಹೇಳುವುದು ಖರೆ.

ಮೊದಲು ಆ ಎರಡು ಮೈಲಿನ ಮಾತು. ಅದು ಕರಿ ಎರೆಮಣ್ಣು. ಬೇಸಿಗೆಯಲ್ಲಿ ಬಿರಿದು ಕೈ ಇಳಿಯುವಷ್ಟು ಸೀಳು ಬಿಡುತ್ತದೆ. ಮಳೆ ಬಿತ್ತೋ, ನಡೆಯುವವನ ಕಾಲಿಗೆ ಹೆಜ್ಜೆಹೆಜ್ಜೆಗೂ ಮೆತ್ತಿಕೊಂಡು, ಮನೆ ಬಿಡುವಾಗ ಐದೂವರೆ ಅಡಿ ಇದ್ದ ಮನುಷ್ಯ ಸಡಕು ಮುಟ್ಟುವಾಗ ಆರಡಿ ಆಗಿರುತ್ತಿದ್ದ. ನಾನು ಕನ್ಯೆ ನೋಡಲು ಹೊರಟಾಗ ತೊಟ್ಟಿದ್ದ ಹೊಸ ಚಪ್ಪಲಿಗಳು ಇಂದಿಗೂ ಅಲ್ಲಿಯೇ ಎಲ್ಲೋ ಇವೆ. ಬರಿಗಾಲಲ್ಲಿ ಬಂದ ವರನನ್ನು ಕಂಡು ನನ್ನ ಮಾವ ಇವನು ಭಾರಿ ದೈವಭಕ್ತನೆಂದು ತಿಳಿದು ಮಗಳನ್ನು ಕೊಟ್ಟರು. ಆ ತಪ್ಪುಗ್ರಹಿಕೆಯ ಬಗ್ಗೆ ನನ್ನ ಹೆಂಡತಿಯ ಅಭಿಪ್ರಾಯ ಬೇರೆ ಇದೆ, ಅದು ಇಲ್ಲಿ ಬೇಡ.

ಬಸ್ಸು ಸಡಕಿನ ಮೇಲೆ ಹೋಗುತ್ತಿತ್ತು. ಊರಿಗೆ ಬರುತ್ತಿರಲಿಲ್ಲ. ಆ ಕಾಲಕ್ಕೆ ನಮ್ಮಣ್ಣನ ಮಗಳು ನೀಲಾ ಊರ ಸಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿದ್ದಳು. ಮುಂದಿನ ಸಾಲೆ ಇದ್ದದ್ದು ನರೇಗಲ್ಲಿನಲ್ಲಿ. ವೈನಿಗೆ ಸ್ವತಃ ಸಹಿ ಮಾಡಲು ಬರುತ್ತಿರಲಿಲ್ಲ. ಮಗಳ ಪಾಟಿಯನ್ನು ಕದ್ದು ನೋಡಿ ನಾಲ್ಕಾರು ಅಕ್ಷರ ಹಿಡಿದಿದ್ದಳು ಅಷ್ಟೆ. ಆದರೆ ಮಗಳು ಓದಲೇಬೇಕು ಎಂದು ವೈನಿ ಹಟ ಹಿಡಿದಳು. ವೈನಿಗೆ ನೇರವಾಗಿ ಇಲ್ಲ ಎನ್ನುವ ಧೈರ್ಯ ನಮ್ಮ ಮನೆತನದಲ್ಲಿ ಯಾವ ಗಂಡಸಿಗೂ ಇರಲಿಲ್ಲ. ಅದಕ್ಕೇ ಅಣ್ಣ ಉಪಾಯದಿಂದ ಹೇಳಿದ.

"ಎರಿಯೊಳಗ ಎರಡು ಮೈಲು ಹೆಣ್ಮಗಳ್ನ ನಡಸೂದಿಲ್ಲ. ಬಸ್ಸು ನಮ್ಮೂರಾಗ ಬಂದು ನಿಂತ ದಿನ ಕಳಸ್ತೀನಿ. ಬಸವಣ್ಣನ ಆಣಿ."

ಗುಡಿಯ ಕಡೆ ಕೈ ಮಾಡಿ ಆಣೆ ಇಟ್ಟವನು ನೆಮ್ಮದಿಯಿಂದ ಎಲೆಯಡಿಕೆ ಹಾಕಿಕೊಂಡ. ಬಸ್ಸು ಬರುವುದಿಲ್ಲ ಎಂಬ ವಿಷಯದಲ್ಲಿ ಅವನಿಗೆ ಬಸವಣ್ಣನಿಗಿಂತ ಎರೆಮಣ್ಣಿನ ಮೇಲೆ ಹೆಚ್ಚು ಭಕ್ತಿ ಇತ್ತು. ಅದೇ ವೇಳೆಗೆ ನರಗುಂದದ ಕಡೆಯಿಂದ ಒಂದು ಸಂಬಂಧ ಬಂದಿತ್ತು. ದೊಡ್ಡ ಹೊಲಮನೆಯವರು. "ಹುಡಿಗಿ ಇನ್ನ ಸಣ್ಣಾಕಿ, ಎರಡು ವರ್ಷ ತಡೀತೀವಿ" ಎಂದು ಉದಾರವಾಗಿ ಹೇಳಿ ಹೋಗಿದ್ದರು. ಬಸ್ಸು ಮೊದಲೋ ಬೀಗರು ಮೊದಲೋ ಎಂಬ ರೇಸು ಹೀಗೆ ನಮ್ಮ ಮನೆಯಲ್ಲಿ ಮೋಟರುಗಳು ಬರುವ ಮುಂಚೆಯೇ ಶುರುವಾಗಿತ್ತು.

ಇನ್ನು ನನ್ನ ಇಂಗ್ಲಿಷಿನ ಮಾತು. ಮುಲ್ಕಿ ಪರೀಕ್ಷೆ ಪಾಸಾದ ಬಲದ ಮೇಲೆ ನಾನು ಊರ ಸಾಲೆಗೆ ಮಾಸ್ತರನಾಗಿದ್ದೆ. ಗದಗಿನಲ್ಲಿ ಮ್ಯಾಟ್ರಿಕ್ಕಿಗೆ ಎರಡು ಸಲ ಕೂತು ಎರಡೂ ಸಲ ಇಂಗ್ಲಿಷಿನಲ್ಲೇ ಬಿದ್ದಿದ್ದೆ. ಈ ಸುದ್ದಿ ಎರಡು ಮೈಲು ಎರೆ ದಾಟಿ ಊರಿಗೆ ಮುಟ್ಟುವ ಹೊತ್ತಿಗೆ "ಬಸಣ್ಣ ಇಂಗ್ಲಿಷ್ ಎರಡು ಸಲ ಓದ್ಯಾನ" ಎಂದಾಗಿತ್ತು. ನಾನೇನೂ ತಿದ್ದಲು ಹೋಗಲಿಲ್ಲ. ಊರು ಕೊಟ್ಟ ಮಾನವನ್ನು ಬೇಡ ಎನ್ನಬಾರದು.

ಕರ್ನಾಟಕ ಒಂದಾಗುವುದಕ್ಕೆ ಇನ್ನೂ ಸ್ವಲ್ಪ ದಿನ ಇತ್ತು, ನಾವು ಮುಂಬಯಿ ಸರಕಾರದವರು. ಒಂದು ದಿನ ಗೌಡರಿಗೆ ಇಂಗ್ಲಿಷಿನಲ್ಲಿ ಒಂದು ಪತ್ರ ಬಂತು. ದಪ್ಪ ಕಾಗದ, ತಲೆಯ ಮೇಲೆ ಗಾಲಿಯ ಚಿತ್ರ. ಬೆಳಗಾವಿ ಕಡೆಯ ಮೋಟರ್ ಶೋಕಿದಾರರ ಮಂಡಳಿಯೊಂದು ಬರೆದದ್ದು ಎಂದು ಆಮೇಲೆ ತಿಳಿಯಿತು. ಗೌಡರು ಹೇಳಿ ಕಳಿಸಿದರು, ನಾನು ಹೋದೆ. ಚಾವಡಿಯಲ್ಲಿ ಹತ್ತು ಹದಿನೈದು ಜನ ಕೂತು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಮೊದಲ ಪರಿಚ್ಛೇದ ನನಗೆ ಅರ್ಥವಾಗಲಿಲ್ಲ, ಅದು ಉಭಯಕುಶಲೋಪರಿ ಇರಬೇಕೆಂದು ಬಿಟ್ಟೆ. ಎರಡನೆಯದರಲ್ಲಿ ಕಣ್ಣಿಗೆ ಬಿದ್ದದ್ದು 'ಮೋಟರ್ ಸರ್ಕೀಟ್' ಎಂಬ ಎರಡು ಮಾತು. ನನಗೆ ಹೋದ ಜೀವ ಬಂದಂತಾಯಿತು.

ಏಕೆಂದರೆ ಸರ್ಕೀಟು ಎಂದರೆ ನಮ್ಮ ಕಡೆ ಕುರಿ ಕಾಯುವವನಿಗೂ ಗೊತ್ತು. ಸಾಹೇಬರು ಸರಕಾರಿ ಕೆಲಸದ ಮೇಲೆ ಊರೂರು ತಿರುಗುವುದು. ರೋಣದಿಂದ ಮಾಮಲೇದಾರರು ಸರ್ಕೀಟು ಹೊರಟರೆಂದರೆ ಊರ ಲೆಕ್ಕ ಬರೆಯುವ ತಲಾಠಿಯ ರುಮಾಲು ಬೆಳ್ಳಗಾಗುತ್ತಿತ್ತು, ಚಾವಡಿಯ ನೆಲ ಸಾರಣೆ ಕಾಣುತ್ತಿತ್ತು, ಮಂದಿ ಇರದ ನೆಗಡಿಯನ್ನೂ ಅಡಗಿಸಿಕೊಂಡು ಕೂಡುತ್ತಿದ್ದರು. ಆ ಮಾತಿಗೆ ಭೂಮಿಯ ಮೇಲೆ ಇನ್ನೊಂದು ಅರ್ಥ ಇದ್ದೀತು ಎಂದು ಯಾರಿಗೆ ತಾನೆ ಹೊಳೆದೀತು?

"ಏನ್ ಬರದಾರಪಾ ಮಾಸ್ತರ?" ಎಂದರು ಗೌಡರು.

"ಸಾಹೇಬ್ರು ಮೋಟರಿನ್ಯಾಗ ಸರ್ಕೀಟ್ ಬರ್ತಾರಂತ್ರಿ. ಎರಡೂವರಿ ಮೈಲು ದಾರಿ ತಯಾರ ಮಾಡಿ ಇಡ್ರಿ ಅಂದಾರ."

"ಯಾವ ಸಾಹೇಬ್ರು?"

ಪತ್ರದ ಕೆಳಗೆ ಒಂದರ ಕೆಳಗೊಂದು ಹೆಸರು ಇದ್ದವು. "ಭಾಳ ಮಂದಿ ಅದಾರ್ರಿ. ಐದಾರು ಮೋಟರ್ ಬರ್ತಾವಂತ."

ಗೌಡರು ಮೀಸೆಯ ಮೇಲೆ ಕೈ ಎಳೆದುಕೊಂಡರು. "ಐದಾರು ಮೋಟರ್ ಅಂದ್ರ ಮಾಮಲೇದಾರ ಅಲ್ಲ. ಮುಂಬೈಂದ ಮಂತ್ರಿನ ಬರ್ತಿರಬೇಕು."

ಎಂಟು ದಿನಕ್ಕೆ ಖಾಕಿ ಚಡ್ಡಿಯ ಮನುಷ್ಯನೊಬ್ಬ ಬಂದು ಗೂಟ ಬಡಿದು ಸುಣ್ಣದ ಗೆರೆ ಎಳೆದ. ಗೆರೆ ಊರ ಹೆಬ್ಬಾಗಿಲಾದ ಅಗಸಿಯ ಮುಂದೆ ಶುರುವಾಗಿ, ಊರನ್ನು ಸುತ್ತಿ, ಮತ್ತೆ ಅಗಸಿಯ ಮುಂದೆಯೇ ಬಂದು ಕೂಡಿತು. ಅವನು ಪುಣೆ ಕಡೆಯವನು, ಭಡಭಡ ಮಾತಾಡುತ್ತಿದ್ದ. ಅವನು ಹೇಳಿದ್ದಕ್ಕೆಲ್ಲ ಗೌಡರು "ಹೌದ್ರಿ" ಎಂದರು. ನಮ್ಮ ಸೀಮೆಯಲ್ಲಿ ಹೌದ್ರಿ ಎಂದರೆ ಕೇಳಿಸಿತು ಎಂದು ಅರ್ಥ, ತಿಳಿಯಿತು ಎಂದಲ್ಲ. ಪಾಪ, ಅವನಿಗೆ ಅದು ಗೊತ್ತಿರಲಿಲ್ಲ.

ದಾರಿ ಯಾಕೆ ದುಂಡಗಿದೆ ಎಂದು ಕೆಲವರು ಕೇಳಿದರು. ನಾನು ತಡವರಿಸದೆ, "ಸಾಹೇಬ್ರಿಗೆ ಊರು ನಾಕೂ ದಿಕ್ಕಿನಿಂದ ಕಾಣಬೇಕಲ್ಲ" ಎಂದೆ. ಮುದುಕರು ಇನ್ನೂ ಮುಂದೆ ಹೋಗಿ, ಮಂತ್ರಿ ನಮ್ಮೂರಿಗೆ ಪ್ರದಕ್ಷಿಣೆ ಹಾಕಲು ಹರಕೆ ಹೊತ್ತಿದ್ದಾನೆ ಎಂದರು. ವೈನಿ ಒಬ್ಬಳೇ ಕೇಳಬೇಕಾದದ್ದನ್ನು ಕೇಳಿದಳು.

"ಅಲ್ಲೋ ಬಸಣ್ಣ, ದಾರಿ ಮಾಡೂದ ಆದ್ರ ಸಡಕಿಗೆ ಮಾಡೂದಿಲ್ಲೇನು? ಊರ ಸುತ್ತ ಮಾಡಿದ್ರ ಎಲ್ಲಿಗೆ ಹೋಗೂದು?"

"ನಿಮಗ ತಿಳಿಯೂದಿಲ್ಲ ವೈನಿ. ಇಂಗ್ಲಿಷಿನ್ಯಾಗ ಹಾಂಗ ಬರದದ" ಎಂದೆ. ಈ ಮಾತು ನೆನಪಾದಾಗಲೆಲ್ಲ ಇಂದಿಗೂ ನನ್ನ ಕಿವಿ ಬಿಸಿಯಾಗುತ್ತವೆ.

ಗಜೇಂದ್ರಗಡದ ಗುಡ್ಡದ ಕಡೆಯಿಂದ ಚಕ್ಕಡಿಗಳಲ್ಲಿ ಗರಸು, ಅಂದರೆ ದಾರಿಗೆ ಹಾಕುವ ಜಲ್ಲಿಮಣ್ಣು, ಬಂತು. ಊರಿಗೆ ಊರೇ ಸುರಿಯಿತು, ಹರವಿತು, ನೀರು ಹೊಡೆಯಿತು. ನಾಲ್ಕು ಜೋಡಿ ಎತ್ತು ಹೂಡಿ ಕಲ್ಲಿನ ಗುಂಡು ಉರುಳಿಸಿದರು. ಎಲ್ಲರಿಗಿಂತ ಹೆಚ್ಚು ಬುಟ್ಟಿ ಹೊತ್ತವಳು ವೈನಿ. ಮಂತ್ರಿ ಬಂದರೆ ಬಸ್ಸು ಕೇಳಬಹುದು ಎಂಬುದು ಅವಳ ಲೆಕ್ಕ. ನನ್ನಿಂದ ಒಂದು ಅರ್ಜಿ ಬರೆಸಿದಳು. 'ಪ್ರಜಾವತ್ಸಲರಾದ ಸಾಹೇಬರ ಚರಣಾರವಿಂದಗಳಿಗೆ' ಎಂದು ಶುರು ಮಾಡಿ, ಚರಣಗಳಿಂದ ಬಸ್ಸಿಗೆ ಬರಲು ನನಗೆ ಒಂದೂವರೆ ಪುಟ ಬೇಕಾಯಿತು. ವೈನಿ ಕೊನೆಯಲ್ಲಿ ಹೆಬ್ಬೆಟ್ಟು ಒತ್ತದೆ, ಕಷ್ಟಪಟ್ಟು ಗೌರವ್ವ ಎಂದು ತನ್ನ ಹೆಸರು ಬರೆದಳು. ಅವಳು ಬರೆದ ಮೊದಲ ಹೆಸರು ಅದು.

ಆ ದಿನ ಬಂತು. ಸುಗ್ಗಿ ಮುಗಿದಿತ್ತು, ಹೊಲಗಳೆಲ್ಲ ಬರಿದಾಗಿದ್ದವು. ಒಣಗಿದ ಎರೆಯ ಮೇಲೆ ಧೂಳೆಬ್ಬಿಸುತ್ತ ಆರು ಮೋಟರು ಬಂದವು. ಅವುಗಳ ರೂಪ ನೋಡಿಯೇ ನಮಗೆ ಸಂಶಯ ಬರಬೇಕಾಗಿತ್ತು. ಒಂದಕ್ಕೆ ಮೇಲ್ಛಾವಣಿ ಇರಲಿಲ್ಲ, ಒಂದಕ್ಕೆ ಬಾಗಿಲು ಇರಲಿಲ್ಲ, ಎಲ್ಲದರ ಮೈಮೇಲೂ ಸಾಲೆಯ ಹುಡುಗರ ಹಾಗೆ ನಂಬರು. ಮುಂದಾಳು ಮಿಲಿಟರಿಯಿಂದ ಬಂದ ಕ್ಯಾಪ್ಟನ್. ಅವರು ಅಗಸಿಯ ಮುಂದೆ ನಿಂತು ಚೌಕಡಿ ನಿಶಾನೆ ಬೀಸಿದರು. ಮೋಟರುಗಳು ಗುಡುಗಿ ಓಡಿದವು. ನಾವು ಅಗಸಿಯಿಂದ ಸ್ವಲ್ಪ ಮುಂದೆ, ತೋರಣ ಕಟ್ಟಿದ ಕಡೆ, ಕರಡಿಮಜಲು ಬಾರಿಸುತ್ತ ಆರತಿ ಹಿಡಿದು ನಿಂತಿದ್ದೆವು. ಆರೂ ಮೋಟರುಗಳು ನಮ್ಮ ಮುಂದೆ ಧೂಳು ಹಾರಿಸಿ ಹೋದವು. ಆರತಿಯ ದೀಪ ಆರಿತು, ಗೌಡರ ಭಾಷಣ ಗಂಟಲಲ್ಲಿ ಉಳಿಯಿತು.

"ನಿಂದರಲಿಲ್ಲಲ್ಲೋ" ಎಂದರು ಗೌಡರು.

"ಪ್ರದಕ್ಷಿಣಿ ಮುಗೀಲಿ ಅಂತ ಇರಬೇಕ್ರಿ" ಎಂದೆ.

ಸುತ್ತಿ ಬಂದರು. ಮತ್ತೆ ನಿಲ್ಲಲಿಲ್ಲ. ಎರಡನೆಯ ಸುತ್ತೂ ಹಾಗೇ ಆಯಿತು. ಮಂತ್ರಿಗೆ ಸಿಟ್ಟು ಬಂದಿದೆ, ಸ್ವಾಗತದಲ್ಲಿ ಏನೋ ಕಡಿಮೆಯಾಗಿದೆ ಎಂದು ಗೌಡರು ಮಾಲೆಗಳನ್ನು ಮತ್ತೆ ಎಣಿಸತೊಡಗಿದರು. ವೈನಿಗೆ ಅದೆಲ್ಲ ಬೇಕಿರಲಿಲ್ಲ. "ಅರ್ಜಿ ತಗೊಳ್ದ ಹ್ಯಾಂಗ ಹೋಗ್ತಾರ ನೋಡೂಣು" ಎಂದು, ಪಕ್ಕದಲ್ಲಿದ್ದ ನಮ್ಮ ಚಕ್ಕಡಿಯ ನೊಗ ಹಿಡಿದು ಎಳೆದಳು. ನಾಲ್ಕು ಹೆಂಗಸರು ಕೈಹಚ್ಚಿದರು. ದಾರಿಗೆ ಅಡ್ಡಲಾಗಿ ಚಕ್ಕಡಿ ನಿಂತಿತು.

ಮೂರನೆಯ ಸುತ್ತಿನಲ್ಲಿ ಎಲ್ಲರಿಗಿಂತ ಮುಂದಿದ್ದವನು ಹುಬ್ಬಳ್ಳಿಯ ಅರಳೆ ವ್ಯಾಪಾರಿಯ ಮಗ. ದಪ್ಪ ಆಸಾಮಿ. ಚಕ್ಕಡಿಯಿಂದ ಒಂದು ಮಾರು ದೂರದಲ್ಲಿ ಅವನ ಮೋಟರು ಕಿರುಚಿ ನಿಂತಿತು. ಅವನಿಗೆ ಬಾಯಿ ತೆರೆಯಲು ಬಿಡದೆ ಗೌಡರು ಮಾಲೆ ಹಾಕಿದರು, ಹೆಂಗಸರು ಕುಂಕುಮ ಹಚ್ಚಿ ಆರತಿ ಎತ್ತಿದರು, ಗೌಡರು ಗಂಟಲಲ್ಲಿ ಉಳಿದಿದ್ದ ಭಾಷಣವನ್ನು ಮೊದಲಿನಿಂದ ಶುರು ಮಾಡಿದರು. ಹಿಂದೆ ಬಂದವರೂ ಒಬ್ಬೊಬ್ಬರಾಗಿ ಸಿಕ್ಕಿಕೊಂಡು ಮಾಲೆ ಹಾಕಿಸಿಕೊಂಡರು. ಎಲ್ಲರಿಗಿಂತ ಹಿಂದೆ ಕೆಮ್ಮುತ್ತ ಬರುತ್ತಿದ್ದ ಒಂದು ಮುದಿ ಮೋಟರು ಮಾತ್ರ ಈ ಗದ್ದಲ ನೋಡಿ, ಪಕ್ಕದ ಕಣದೊಳಗೆ ಹಾಯ್ದು, ಜೋಳದ ಕಣಿಕೆಯ ಬಣವೆ ಸುತ್ತಿ, ತನ್ನ ಪಾಡಿಗೆ ಉಳಿದ ಸುತ್ತು ಮುಗಿಸಿ ಗೆದ್ದುಬಿಟ್ಟಿತು.

"ಏನ್ರಿ ಇದು? ರೇಸ್ ನಡದದರೀ, ಬಿಡ್ರಿ ನನ್ನ" ಎಂದ ಅರಳೆಯ ಸಾಹೇಬ, ಅಳುವುದೊಂದು ಬಾಕಿ.

"ಬಿಡ್ತೀವ್ರಿ ಸಾಹೇಬ್ರ. ಇದನ್ನ ಮೊದಲ ಹಿಡೀರಿ" ಎಂದು ವೈನಿ ಅರ್ಜಿ ಅವನ ಕೈಗೆ ಕೊಟ್ಟಳು. ಅವನು ಬೆವರು ಒರೆಸಿಕೊಂಡು ಓದಿದ. ಬಸ್ಸಿನ ತನಕ ಓದಿದ. ಆಮೇಲೆ ಏಕೋ ಅವನ ದನಿ ಇಳಿಯಿತು. "ನಾ ಸಾಹೇಬ ಅಲ್ಲವ್ವಾ. ಆದ್ರ ಮುಟ್ಟಸ್ತೀನಿ" ಎಂದು ಮಡಚಿ ಜೇಬಿನಲ್ಲಿಟ್ಟ.

ಅಷ್ಟರಲ್ಲಿ ಕ್ಯಾಪ್ಟನ್ ಓಡಿ ಬಂದರು. ಸರ್ಕೀಟು ಎಂದರೆ ಮೋಟರುಗಳು ಪಂತ ಕಟ್ಟಿ ಸುತ್ತುವ ದುಂಡನೆಯ ದಾರಿ ಎಂದು ಅಂದು ಎಲ್ಲರ ಎದುರಿಗೆ ನನಗೆ ಪಾಠವಾಯಿತು. ಕ್ಯಾಪ್ಟನ್ ಕೂಗಾಡಬೇಕಾಗಿತ್ತು. ಅವರು ಗರಸಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಹೋಗುವಾಗ ವೈನಿ ಅವರಿಗೂ ಆರತಿ ಎತ್ತಿದಳು. ಆರತಿ ಎತ್ತಿಸಿಕೊಂಡವರು ತಾಟಿನಲ್ಲಿ ಏನಾದರೂ ಹಾಕಬೇಕು ಎಂಬ ರೀತಿ ಅವರಿಗೆ ಗೊತ್ತಿತ್ತು. ಜೇಬು ತಡಕಿದರು, ಏನೂ ಸಿಗಲಿಲ್ಲ, ಕೈಯಲ್ಲಿದ್ದ ನಿಶಾನೆಯನ್ನೇ ಮಡಚಿ ತಾಟಿನಲ್ಲಿಟ್ಟರು.

ಅಂದಿನಿಂದ ನಾನು ಸರ್ಕೀಟ್ ಮಾಸ್ತರನಾದೆ. ವೈನಿ ಬೈಯಲಿಲ್ಲ. "ಅರ್ಜಿ ಕನ್ನಡದಾಗ ಬರದಿದ್ದಿ, ಅದೊಂದು ಚಲೋ ಆತು" ಎಂದಳು. ಬೈದಿದ್ದರೆ ವಾಸಿ ಇತ್ತು.

ಮರುವರ್ಷ ಗಾಲಿಯ ಚಿತ್ರದ ಇನ್ನೊಂದು ಪತ್ರ ಬಂತು. ಗೌಡರು ಅದನ್ನು ನನಗೆ ಕೊಡಲಿಲ್ಲ. ಬೇರೆ ಓದುವವರು ಊರಲ್ಲಿ ಇರಲಿಲ್ಲ. ಚಾವಡಿಯ ಗೋಡೆಯ ಗೂಡಿನಲ್ಲಿ ಇಟ್ಟರು, ಗೆದ್ದಲು ಅದನ್ನು ನಿಧಾನವಾಗಿ ಓದಿ ಮುಗಿಸಿತು. ಮೋಟರುಗಳು ಮತ್ತೆ ಬರಲಿಲ್ಲ. ಒಂದು ಪತ್ರ ಓದಿದ್ದರಿಂದ ಶುರುವಾದ ನಮ್ಮೂರ ರೇಸಿನ ಇತಿಹಾಸ ಇನ್ನೊಂದನ್ನು ಓದದೆ ಇದ್ದುದರಿಂದ ಮುಗಿಯಿತು.

ಉಳಿದದ್ದು ದಾರಿ. ಮಳೆಗಾಲದಲ್ಲಿ ನಮ್ಮ ಸುತ್ತ ಹತ್ತು ಹಳ್ಳಿಗಳಲ್ಲಿ ಇಲ್ಲದ ದಾರಿ ಅದು, ಕಾಲಿಗೆ ಒಂದು ಚೂರು ಮಣ್ಣು ಹತ್ತುತ್ತಿರಲಿಲ್ಲ. ಒಂದೇ ಕೊರತೆ, ಅದು ಎಲ್ಲಿಗೂ ಹೋಗುತ್ತಿರಲಿಲ್ಲ. ಜಗಳವಾಡಿ ಮನೆ ಬಿಟ್ಟು ಹೊರಟ ಗಂಡಂದಿರು ಒಂದು ತಾಸಿಗೆ ಮನೆಯ ಮುಂದೆಯೇ ಬಂದು ನಿಲ್ಲುತ್ತಿದ್ದರು. ಸಂಜೆ ನೀಲಾ ಪುಸ್ತಕ ಹಿಡಿದು ಓದುತ್ತ ಆ ದಾರಿಯಲ್ಲಿ ನಡೆಯುತ್ತಿದ್ದಳು. ನನ್ನ ಹತ್ತಿರ ಇದ್ದ ಐದನೆಯ ಇಯತ್ತೆಯ ಪುಸ್ತಕ ಅವಳಿಗೆ ಬಾಯಿಪಾಠವಾಗಿ ಹೋಗಿತ್ತು. ಎಷ್ಟು ಸುತ್ತಿದರೂ ನರೇಗಲ್ಲು ಬರಲಿಲ್ಲ. ನಾನು ಪತ್ರವನ್ನು ಸರಿಯಾಗಿ ಓದಿದ್ದರೆ, ಇಲ್ಲವೆ ನನಗೆ ತಿಳಿಯದು ಎಂದು ಒಪ್ಪಿದ್ದರೆ, ಅಷ್ಟು ಗರಸು, ಅಷ್ಟು ಜನರ ಬೆವರು ಸಡಕಿನ ಕಡೆ ಹೋಗುತ್ತಿತ್ತು. ಅವಳನ್ನು ನೋಡಿದಾಗಲೆಲ್ಲ ನನಗೆ ಬಹಳ ಸಂಕಟವಾಗುತ್ತಿತ್ತು.

ಇತ್ತ ಅರಳೆಯ ಸಾಹೇಬ ಮಾತು ಉಳಿಸಿಕೊಂಡಿದ್ದ. ಅರ್ಜಿ ಮುಂಬಯಿಗೆ ಹೋಯಿತು. ಅದು ಅಲ್ಲಿರುವಾಗಲೇ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ನಾವು ಮನೆಯಲ್ಲೇ ಕೂತು ರಾಜ್ಯ ಬದಲಾಯಿಸಿದೆವು, ಅರ್ಜಿಗೆ ಮಾತ್ರ ಅಷ್ಟು ದೂರ ತಿರುಗಾಟ. ಎರಡನೆಯ ಬೇಸಿಗೆಯಲ್ಲಿ ಬಸ್ಸಿನ ಸಾಹೇಬರೊಬ್ಬರು ತನಿಖೆಗೆ ಬಂದರು. ದುಂಡನೆಯ ದಾರಿ ಕಂಡು ಬೆರಗಾದರು.

"ದಾರಿ ಭಾಳ ಚಲೋ ಐತಿ. ಎಲ್ಲಿಗೆ ಹೋಗ್ತದ?"

"ಎಲ್ಲಿಗೂ ಇಲ್ರಿ" ಎಂದರು ಗೌಡರು ನನ್ನ ಕಡೆ ನೋಡಿ. "ಸುತ್ತಿ ಇಲ್ಲೇ ಬರ್ತದ."

ಸಾಹೇಬರು ಬರೆದುಕೊಂಡರು: ರಸ್ತೆ ಉತ್ತಮವಿದೆ, ಆದರೆ ಊರಿಗೆ ದಾರಿ ಇಲ್ಲ. ಜೀಪು ಹತ್ತುವಾಗ, "ಮಳಿಗಾಲ ಬರೂದ್ರೊಳಗ ಸಡಕಿನ ತನಕ ಗರಸು ಹಾಕಿ ತೋರಸ್ರಿ, ಬಸ್ ಬಿಡಸ್ತೀನಿ" ಎಂದರು. ಆಗದ ಕೆಲಸಕ್ಕೆ ಆಗಲಿ ಎನ್ನುವುದು ಸುಲಭ. ಅದೇ ವಾರ ನರಗುಂದದವರೂ ಹೇಳಿ ಕಳಿಸಿದರು: ಮಳೆಗೆ ಮುಂಚೆ ಬಂದು ಮಾತು ಮುಗಿಸುತ್ತೇವೆ.

ಮರುದಿನ ಮುಂಜಾನೆ ಗೌಡರ ಹೊಲದ ಅಂಚಿನಲ್ಲಿ ಸಲಿಕೆಯ ಸಪ್ಪಳ ಕೇಳಿಸಿತು. ವೈನಿ ಒಬ್ಬಳೇ ದಾರಿಯ ಗರಸು ಕೆದರಿ ಬುಟ್ಟಿಗೆ ತುಂಬುತ್ತಿದ್ದಳು. ಗೌಡರು ಓಡಿ ಬಂದರು.

"ಯವ್ವಾ, ಊರ ದಾರಿ ಅಗಿಯಾಕ ಹತ್ತಿಯಲ್ಲ."

"ಅಗಿಯಾಕ ಹತ್ತಿಲ್ರಿ ಗೌಡ್ರ. ನೆಟ್ಟಗ ಮಾಡಾಕ ಹತ್ತೀನಿ."

ಗೌಡರು ದಾರಿಯನ್ನು ನೋಡಿದರು, ಸಡಕಿನ ದಿಕ್ಕು ನೋಡಿದರು. ದುಂಡಗೆ ಹಾಕಿದ್ದು ಎರಡೂವರೆ ಮೈಲು, ಸಡಕಿಗೆ ಬೇಕಾದದ್ದು ಎರಡು. ಇಷ್ಟು ಸಣ್ಣ ಲೆಕ್ಕ ಊರ ಮಾಸ್ತರನಿಗೂ ಎರಡು ವರ್ಷ ಹೊಳೆದಿರಲಿಲ್ಲ. ಎರಡನೆಯ ಬುಟ್ಟಿ ನಾನು ಹೊತ್ತೆ. ನಕ್ಕವರು ಮಧ್ಯಾಹ್ನದ ಹೊತ್ತಿಗೆ ಸಲಿಕೆ ತಂದರು. ಅಣ್ಣ ಮಾತ್ರ ಮೂರು ದಿನ ಕಟ್ಟೆಯ ಮೇಲೆ ಕೂತ. ನಾಲ್ಕನೆಯ ದಿನ, "ಎತ್ತು ಸುಮ್ನ ನಿಂತು ಹುಲ್ಲು ತಿನ್ನಾಕ ಹತ್ಯಾವು" ಎಂದು ಯಾರಿಗೂ ಹೇಳದವನಂತೆ ಹೇಳಿ ಚಕ್ಕಡಿ ಹೂಡಿದ. ಹೀಗೆ ನಮ್ಮೂರ ಮೋಟರ್ ಸರ್ಕೀಟನ್ನು ಬಿಚ್ಚಿ ಸಡಕಿನ ತನಕ ಹಾಸಿದೆವು. ಮಿಕ್ಕ ಗರಸನ್ನು ಬಸವಣ್ಣನ ಗುಡಿಯ ಮುಂದೆ ಬಸ್ಸು ತಿರುಗಲಿ ಎಂದು ಒಂದು ಸಣ್ಣ ದುಂಡು ಮಾಡಿ ಸುರಿದೆವು. ಸರ್ಕೀಟಿನ ಗುರುತು ಈಗ ಉಳಿದದ್ದು ಅಷ್ಟೆ.

ಮೊದಲ ಮಳೆ ಬಿದ್ದ ಮೂರನೆಯ ದಿನ ಬಸ್ಸು ಬಂತು. ಗುಡಿಯ ಮುಂದೆ ತಿರುಗಿ ನಿಂತಿತು. ವೈನಿ ಮಗಳನ್ನು ತಲೆ ಬಾಚಿ ತಯಾರು ಮಾಡಿ ನಿಲ್ಲಿಸಿದ್ದಳು. ಬಸ್ಸಿನ ಬಾಗಿಲು ತೆರೆಯಿತು, ಮೊದಲು ಇಳಿದವರು ನರಗುಂದದ ಬೀಗರು. ಹಿರಿಯರು ಜರಿ ರುಮಾಲು ಸರಿಮಾಡಿಕೊಳ್ಳುತ್ತ ನೀಲಾಳನ್ನು ನೋಡಿದರು.

"ನಾವು ಬಂದೀವಿ. ಹುಡಿಗಿ ಎಲ್ಲಿಗೆ ಹೊಂಟಾಳ?"

ಅಣ್ಣ ಬೀಗರನ್ನು ನೋಡಿದ, ಗುಡಿಯನ್ನು ನೋಡಿದ, ಕೊನೆಗೆ ವೈನಿಯ ಕೈ ನೋಡಿದ. ಗರಸು ಹೊತ್ತು ಬೆರಳೆಲ್ಲ ಒಡೆದಿದ್ದವು.

"ಬಸ್ಸು ಮೊದಲ ಬಂತ್ರಿ ಬೀಗರ" ಎಂದ. "ನೀವು ಆಮ್ಯಾಲ ಇಳದ್ರಿ."

ಬೀಗರು ಊಟ ಮಾಡಿ ಸಂಜೆಯ ಬಸ್ಸಿಗೆ ಹೋದರು. ಅದೇ ಬಸ್ಸಿನಿಂದ ನೀಲಾ ಸಾಲೆ ಮುಗಿಸಿ ಇಳಿದಳು. ಆ ಮಳೆಗಾಲದಲ್ಲಿ ವೈನಿ ಕ್ಯಾಪ್ಟನ್ ಕೊಟ್ಟ ನಿಶಾನೆಯನ್ನು ನಡುವೆ ಇಟ್ಟು ಕೌದಿ ಹೊಲಿದಳು.

ಮುಂದೆ ನೀಲಾ ಎಲ್ಲಿಯ ತನಕ ಓದಿದಳು ಎಂದು ಹೇಳಲು ಹೋದರೆ ನಾನು ಜಂಭ ಕೊಚ್ಚಿದಂತಾಗುತ್ತದೆ. ಸಾಲೆಗಳ ಇನ್ಸ್‌ಪೆಕ್ಟರ್ ಆದಳು ಎಂದರೆ ಸಾಕು. ಒಂದು ದಿನ ರೋಣದಿಂದ ಜೀಪಿನಲ್ಲಿ, ಆಗ ನಾನು ಮುಖ್ಯ ಶಿಕ್ಷಕನಾಗಿದ್ದ ನಮ್ಮ ಸಾಲೆಯ ತಪಾಸಣೆಗೆ ಬಂದಳು, ಅದೇ ಗರಸಿನ ದಾರಿಯ ಮೇಲೆ. ಸಾಹೇಬರು ಮೋಟರಿನಲ್ಲಿ ಸರ್ಕೀಟ್ ಬಂದರು. ನಾನು ಪತ್ರದಲ್ಲಿ ಓದಿದ್ದು ತಪ್ಪಲ್ಲ, ಸ್ವಲ್ಪ ಬೇಗ ಓದಿದ್ದೆ ಅಷ್ಟೆ ಎಂದು ಹೇಳಿದೆ. ಅವಳು ನಗಲಿಲ್ಲ. ನನ್ನ ತರಗತಿಯಲ್ಲಿ ಅರ್ಧ ತಾಸು ಕೂತು, ಹುಡುಗರಿಗೆ ನಾಲ್ಕು ಪ್ರಶ್ನೆ ಕೇಳಿ, ತಪಾಸಣೆಯ ಪುಸ್ತಕದಲ್ಲಿ ಬರೆದು ಸಹಿ ಮಾಡಿದಳು. ಜೀಪು ಹೋದ ಮೇಲೆ ತೆರೆದು ನೋಡಿದೆ. ಅವ್ವನ ಹೆಸರನ್ನೂ ಸೇರಿಸಿ ನೀಲಾ ಗೌರವ್ವ ಎಂದು ಸಹಿ. ಅದರ ಮೇಲೆ ಒಂದೇ ಸಾಲು: ಮುಖ್ಯ ಶಿಕ್ಷಕರ ಇಂಗ್ಲಿಷ್ ಸುಧಾರಿಸಬೇಕು.